ಸೇತುವೆಯ ಎರಡು ತುದಿಗಳು

೧

ದೃಢತೆಯು ಒಂದು ಗುಣವೆಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಕೊಟ್ಟ ಮಾತಿಗೆ ತಪ್ಪದವನು, ಲೋಭಕ್ಕೂ ಭಯಕ್ಕೂ ಜಗ್ಗದವನು, ಗಾಳಿ ಬೀಸಿದ ಕಡೆಗೆ ತೂರಿಕೊಂಡು ಹೋಗದವನು ಎಲ್ಲ ಕಾಲದಲ್ಲಿಯೂ ಮನ್ನಣೆಗೆ ಪಾತ್ರನಾಗಿದ್ದಾನೆ. ಮಣಿಯುವುದು, ಸಡಿಲಿಸುವುದು, ಬಿಟ್ಟುಕೊಡುವುದು ಎಂಬ ಮಾತುಗಳಿಗೆ ಆ ಮರ್ಯಾದೆಯಿಲ್ಲ; ಅವುಗಳಿಗೆ ದೌರ್ಬಲ್ಯದ ವಾಸನೆಯು ಸ್ವಲ್ಪ ಅಂಟಿಯೇ ಇರುತ್ತದೆ. ಬಂಡೆಯಂಥ ಮನುಷ್ಯನೆಂದರೆ ಹೊಗಳಿಕೆ. ಬಳ್ಳಿಯಂಥ ಮನುಷ್ಯನೆಂದರೆ ಅಷ್ಟೇನೂ ಹೊಗಳಿಕೆಯಲ್ಲ.

ಆದರೂ ಇದೇ ಲೋಕವು ಮತ್ತೊಂದು ಸಮಯದಲ್ಲಿ ಬೇರೆ ವಿಧವಾಗಿ ತೀರ್ಪು ಹೇಳುತ್ತದೆ. ಮಗನು ತನ್ನ ಇಷ್ಟಕ್ಕೆ ವಿರೋಧವಾಗಿ ವಿವಾಹ ಮಾಡಿಕೊಂಡನೆಂದು ತಂದೆಯೊಬ್ಬನು, ಇನ್ನು ಮೇಲೆ ಅವನು ಈ ಹೊಸಿಲನ್ನು ತುಳಿಯಕೂಡದೆಂದು ಒಂದು ದಿನ ನುಡಿದುಬಿಟ್ಟನೆಂದು ಭಾವಿಸಬಹುದು. ಇಪ್ಪತ್ತು ವರ್ಷಗಳು ಕಳೆಯುತ್ತವೆ. ಸಿಟ್ಟು ಆರಿದೆ, ಸಿಟ್ಟಿನ ಕಾರಣವೂ ಅರ್ಧ ಮರೆತುಹೋಗಿದೆ, ಆಡಿದ ಮಾತು ಮಾತ್ರ ನಿಂತಿದೆ. ತಾಯಿಯು ಮೊಮ್ಮಕ್ಕಳ ಮುಖವನ್ನು ಕಾಣದೆಯೇ ಕಣ್ಣು ಮುಚ್ಚುತ್ತಾಳೆ. ಊರಿನವರಲ್ಲಿ ಕೆಲವರು ಆ ತಂದೆಯನ್ನು ಛಲವಂತನೆಂದು ಹೇಳಿಯಾರು. ಹೆಚ್ಚು ಮಂದಿ ತಲೆಯಲ್ಲಾಡಿಸಿಯಾರು. ಹಾಗಾದರೆ ಮಾತನ್ನು ಹಿಂತೆಗೆದುಕೊಳ್ಳಬೇಕಾಗಿತ್ತೆ? ಒಂದು ಮಾತನ್ನು ಕಷ್ಟವೆಂದು ಹಿಂತೆಗೆದುಕೊಳ್ಳಬಹುದಾದರೆ ಮಿಕ್ಕ ಮಾತುಗಳ ಗತಿಯೇನು? ಕಷ್ಟ ಬಂದಾಗ ನಿಲ್ಲದ ಮಾತಿಗೆ ಬೆಲೆಯುಂಟೆ? ದೃಢತೆಗೂ ಹಟಕ್ಕೂ ನಡುವೆ ಇರತಕ್ಕ ಗೆರೆ ಯಾವುದು, ಅದನ್ನು ಎಳೆಯುವವರು ಯಾರು?

ಧರ್ಮವನ್ನು ವಿಚಾರಿಸಿದವರು ಈ ಪ್ರಶ್ನೆಯನ್ನು ಬಹುಕಾಲದಿಂದ ಮಾತಿನಲ್ಲಿ ಪರಿಶೀಲಿಸುತ್ತ ಬಂದಿದ್ದಾರೆ. ಸೇತುವೆಗಳನ್ನು ಕಟ್ಟುವ ಶಿಲ್ಪಿಗಳು ಅದನ್ನೇ ಹೋಲುವ ಒಂದು ಪ್ರಶ್ನೆಯನ್ನು ಕಬ್ಬಿಣದಲ್ಲಿ ಎದುರಿಸಬೇಕಾಯಿತು. ಮಾತಿನಲ್ಲಿ ತಪ್ಪಿದವನು ವಾದದಿಂದ ತಪ್ಪಿಸಿಕೊಳ್ಳಬಹುದು. ಕಬ್ಬಿಣದಲ್ಲಿ ತಪ್ಪಿದವನಿಗೆ ಆ ಅವಕಾಶವಿಲ್ಲ. ಆದುದರಿಂದ ಅವರು ಕಂಡುಕೊಂಡ ಉತ್ತರವನ್ನು ಒಮ್ಮೆ ನೋಡುವುದು ವ್ಯರ್ಥವಾಗದು.

೨

ಸೇತುವೆಯು ಅಚಲವಾದ ವಸ್ತುವೆಂಬುದು ಸಾಮಾನ್ಯವಾದ ನಂಬಿಕೆ. ನಿಜಸ್ಥಿತಿ ಹಾಗಿಲ್ಲ. ಬಿಸಿಲೇರಿದಂತೆ ಉಕ್ಕು ಹಿಗ್ಗುತ್ತದೆ, ತಂಪಾದಂತೆ ಕುಗ್ಗುತ್ತದೆ. ಉಷ್ಣತೆಯು ಒಂದು ಡಿಗ್ರಿ ಸೆಂಟಿಗ್ರೇಡು ಏರಿದರೆ ಉಕ್ಕಿನ ತೊಲೆಯು ತನ್ನ ಉದ್ದದ ಹತ್ತು ಲಕ್ಷದಲ್ಲಿ ಹನ್ನೆರಡು ಭಾಗದಷ್ಟು ಬೆಳೆಯುತ್ತದೆ. ಕೇಳುವುದಕ್ಕೆ ಇದು ಲೆಕ್ಕಕ್ಕೆ ಬಾರದ ಮೊತ್ತ. ಆದರೆ ೨೦೦ ಅಡಿ ಉದ್ದದ ತೊಲೆಯು ಬೆಳಗಿನ ಜಾವದ ತಂಪಿಗೂ ಮಧ್ಯಾಹ್ನದ ಬಿಸಿಲಿಗೂ ನಡುವೆ ೩೫ ಡಿಗ್ರಿಯಷ್ಟು ಕಾದರೆ, ಆ ಬೆಳವಣಿಗೆಯು ಒಂದು ಅಂಗುಲವಾಗುತ್ತದೆ. ಇದಲ್ಲದೆ ರೈಲುಗಾಡಿಯು ಮೇಲೆ ಬಂದಾಗ ತೊಲೆಯು ನಡುವೆ ತುಸು ಜಗ್ಗುತ್ತದೆ. ಜಗ್ಗಿದಾಗ ಅದರ ಎರಡು ತುದಿಗಳೂ ಸ್ವಲ್ಪ ಓರೆಯಾಗುತ್ತವೆ. ಕೆಳಗಿನ ಪಟ್ಟಿಯು ಎಳೆತಕ್ಕೆ ಸಿಕ್ಕಿ ಉದ್ದವಾಗುತ್ತದೆ. ಹೀಗೆ ದಿನವೂ ಹೊತ್ತುಹೊತ್ತಿಗೂ ಸೇತುವೆಯು ಉಸಿರಾಡುತ್ತಿರುತ್ತದೆ.

ಈ ಚಲನೆಯನ್ನು ತಡೆದುಬಿಟ್ಟರಾಯಿತೆಂದು ಮೊದಲು ತೋರಬಹುದು. ತಡೆದರೆ ಆಗುವುದೇನೆಂಬುದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಗಾಡಿಯ ಗಾಲಿಗೆ ಕಬ್ಬಿಣದ ಹಳಿಯನ್ನು ಹಾಕುವಾಗ ಕಮ್ಮಾರನು ಅದನ್ನು ಗಾಲಿಗಿಂತ ತುಸು ಕಿರಿದಾಗಿಯೇ ಮಾಡಿ, ಕೆಂಪಗೆ ಕಾಯಿಸಿ, ಹಿಗ್ಗಿದಾಗ ಗಾಲಿಗೆ ತೊಡಿಸಿ ನೀರೆರೆಯುತ್ತಾನೆ. ಆರಿದ ಹಳಿಯು ಕುಗ್ಗುತ್ತ ಅರೆಕಾಲುಗಳನ್ನೂ ಗುಂಬವನ್ನೂ ಕಿರ್ರೆನಿಸುತ್ತ ಒಂದಕ್ಕೊಂದು ಬಿಗಿಯುತ್ತದೆ. ಹತ್ತು ಆಳು ಸೇರಿ ಬಡಿದರೂ ಆಗದ ಬಿಗುವನ್ನು ಒಂದು ಕೊಡ ನೀರು ಮಾಡಿ ತೋರಿಸುತ್ತದೆ. ಹಿಗ್ಗುವ ಕುಗ್ಗುವ ಕಬ್ಬಿಣಕ್ಕೆ ಅಡ್ಡ ನಿಂತರೆ ಅದು ಅಂಥ ಬಲವನ್ನು ಹೊರಡಿಸುತ್ತದೆ.

ಈಗ ಮೇಲೆ ಹೇಳಿದ ತೊಲೆಯ ಎರಡು ತುದಿಗಳನ್ನೂ ಅಲುಗದ ಕಲ್ಲಿನ ಕಟ್ಟೆಗಳಲ್ಲಿ ಹೂಳಿಬಿಟ್ಟರೆಂದು ಎಣಿಸಬಹುದು. ಅದೇ ೩೫ ಡಿಗ್ರಿಯ ಬಿಸಿಲಿಗೆ ಅದರ ಒಂದೊಂದು ಚದರ ಅಂಗುಲದಲ್ಲಿಯೂ ೫ ಟನ್ನಿಗೆ ಮೀರಿದ ಒತ್ತಡವು ಹುಟ್ಟುತ್ತದೆ. ಅಂದರೆ ಸಾಧಾರಣವಾದ ಉಕ್ಕು ತನ್ನ ರೂಪವನ್ನು ಕಳೆದುಕೊಳ್ಳುವ ಮಿತಿಯಲ್ಲಿ ಸುಮಾರು ಮೂರನೆಯ ಒಂದು ಪಾಲು, ಒಂದು ಗಾಡಿಯೂ ಮೇಲೆ ಬಾರದಿರುವಾಗಲೇ, ಕೇವಲ ಬಿಸಿಲಿಗೆ ಖರ್ಚಾಗಿಬಿಡುತ್ತದೆ. ತೊಲೆಯ ಅಡ್ಡಕೊಯ್ತವು ೮೦ ಚದರ ಅಂಗುಲವಿದ್ದರೆ ಅದು ಕಟ್ಟೆಗಳನ್ನು ೪೦೦ ಟನ್ನಿಗೂ ಹೆಚ್ಚಾದ ಬಲದಿಂದ ಆಚೆಗೆ ತಳ್ಳುತ್ತದೆ. ಇಲ್ಲಿ ಗಮನಿಸತಕ್ಕ ಎರಡು ವಿಷಯಗಳುಂಟು. ಮೊದಲನೆಯದು, ಈ ಒತ್ತಡವು ತೊಲೆಯ ಉದ್ದವನ್ನು ಅವಲಂಬಿಸಿದುದಲ್ಲ. ಗಿಡ್ಡ ತೊಲೆಗೂ ನೀಳ ತೊಲೆಗೂ ಅದು ಒಂದೇ. ಅದು ಅವಲಂಬಿಸಿರುವುದು ಲೋಹದ ಬಿರುಸನ್ನು. ವಸ್ತುವು ಹೆಚ್ಚು ಬಿರುಸಾದಷ್ಟೂ ತಡೆದಾಗ ಹುಟ್ಟುವ ಬಲವು ಹೆಚ್ಚು. ಎರಡನೆಯದು, ಆ ಬಲಕ್ಕೆ ಮೊದಲು ಬಿರಿಯುವುದು ಎಷ್ಟೋ ಸಲ ತೊಲೆಯಲ್ಲ, ಅದನ್ನು ಹೊತ್ತ ಕಟ್ಟೆ. ಬಿರುಸು ಒಬ್ಬರದು, ಬಿರುಕು ಮತ್ತೊಬ್ಬರದು.

ಕಲ್ಲಿನ ಕಾಲದ ಸೇತುವೆಗಳಿಗೆ ಈ ತೊಡಕು ಅಷ್ಟಾಗಿ ಇರಲಿಲ್ಲ. ೧೮೦೪ರಲ್ಲಿ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಕಟ್ಟಿದ ವೆಲ್ಲೆಸ್ಲಿ ಸೇತುವೆಯು ಕಲ್ಲುಕಂಬಗಳ ಮೇಲೆ ಕಲ್ಲುತೊಲೆಗಳನ್ನು ಹಾಯಿಸಿದ ಕಟ್ಟಡ. ಗಿಡ್ಡನೆಯ ಒಂದು ಕಲ್ಲುತೊಲೆಯು ಹಿಗ್ಗುವುದು ಕೂದಲೆಳೆಯಷ್ಟು. ಅದು ಸಂದುಸಂದಿನಲ್ಲಿಯೇ ಹಂಚಿಹೋಗುತ್ತದೆ. ಸಂದುಗಳು ಬಹಳವಿರುವ ಕಡೆ ಸಡಿಲಿಕೆಯನ್ನು ಯಾರೂ ಬೇರೆಯಾಗಿ ಯೋಚಿಸಬೇಕಾಗಿಲ್ಲ. ನೀಳವಾದ ಅಖಂಡವಾದ ಕಬ್ಬಿಣದ ತೊಲೆಗಳು ಬಂದ ಮೇಲೆಯೇ ಶಿಲ್ಪಿಯು ಇದನ್ನು ಬುದ್ಧಿಪೂರ್ವಕವಾಗಿ ಯೋಚಿಸಬೇಕಾಯಿತು.

೩

ಆ ಯೋಚನೆಗೆ ಒಂದು ಪ್ರಸಿದ್ಧವಾದ ನಿದರ್ಶನವುಂಟು. ವೇಲ್ಸ್ ದೇಶದ ವಾಯವ್ಯದಲ್ಲಿ ಆಂಗ್ಲ್‌ಸೀ ದ್ವೀಪವನ್ನು ನೆಲದಿಂದ ಬೇರ್ಪಡಿಸಿರುವ ಮೆನಾಯ್ ಜಲಸಂಧಿಯ ಮೇಲೆ ರೈಲುದಾರಿಯನ್ನು ಒಯ್ಯಬೇಕಾಗಿತ್ತು. ಹಡಗುಗಳಿಗೆ ಅಡ್ಡಿಯಾಗಕೂಡದೆಂದು ನೌಕಾಧಿಕಾರಿಗಳ ಕಟ್ಟಪ್ಪಣೆಯಿದ್ದುದರಿಂದ ಕಮಾನುಗಳನ್ನು ಕಟ್ಟುವ ಹಾಗಿರಲಿಲ್ಲ. ರಾಬರ್ಟ್ ಸ್ಟೀಫನ್‌ಸನ್ ಎಂಬ ಶಿಲ್ಪಿಯು ರೈಲುಗಾಡಿಯು ಒಳಗೆ ಹಾದುಹೋಗುವಷ್ಟು ದೊಡ್ಡದಾದ ಕಬ್ಬಿಣದ ಕೊಳವೆಗಳನ್ನು ಮಾಡಿಸಿ, ಮುಖ್ಯವಾದವನ್ನು ದಡದಲ್ಲಿಯೇ ಜೋಡಿಸಿ, ದೋಣಿಗಳ ಮೇಲೆ ತೇಲಿಸಿ, ನೀರೊತ್ತುಯಂತ್ರಗಳಿಂದ ಮೇಲೆತ್ತಿ ಗೋಪುರಗಳ ಮೇಲೆ ಇರಿಸಿದನು. ನಡುವಣ ಎರಡು ಹಾಸುಗಳು ಒಂದೊಂದು ೪೬೦ ಅಡಿ, ಅಂಚಿನವು ೨೩೦ ಅಡಿ. ಅವುಗಳನ್ನೆಲ್ಲ ಒಂದಕ್ಕೊಂದು ಬೆಸೆದುದರಿಂದ ಒಂದೊಂದು ಕೊಳವೆಯೂ ಸುಮಾರು ೧,೫೦೦ ಅಡಿ ಉದ್ದದ ಒಂದೇ ಅಖಂಡವಾದ ತೊಲೆಯಾಯಿತು. ಬ್ರಿಟಾನಿಯಾ ಸೇತುವೆಯೆಂದು ಹೆಸರಾದ ಇದು ೧೮೫೦ರಲ್ಲಿ ಸಂಚಾರಕ್ಕೆ ತೆರೆಯಿತು.

ಇಷ್ಟು ಉದ್ದದ ಕಬ್ಬಿಣವು ಚಳಿಗಾಲದಿಂದ ಬೇಸಗೆಗೆ ಅಂಗುಲಗಟ್ಟಲೆ ಬೆಳೆಯುವುದು ಖಂಡಿತ. ಸ್ಟೀಫನ್‌ಸನ್ನನು ಅದಕ್ಕೆ ಮಾಡಿದ ಏರ್ಪಾಡು ಸರಳವಾದುದು. ಜಲಸಂಧಿಯ ನಡುವೆ ಒಂದು ಬಂಡೆಯಿದೆ. ಅದರ ಮೇಲೆ ನಿಂತ ನಡುಗೋಪುರದಲ್ಲಿ ಕೊಳವೆಗಳನ್ನು ಭದ್ರವಾಗಿ ನೆಲೆಗೊಳಿಸಿದನು. ಮಿಕ್ಕ ಗೋಪುರಗಳಲ್ಲಿಯೂ ಎರಡು ದಡಗಳಲ್ಲಿಯೂ ಕಬ್ಬಿಣದ ಉರುಳೆಗಳ ಮೇಲೆ ಇರಿಸಿದನು. ೩೦ ಡಿಗ್ರಿ ಉಷ್ಣತೆ ಏರಿದರೆ ಲೆಕ್ಕದಂತೆ ಒಂದೊಂದು ತುದಿಯೂ ಸುಮಾರು ಮೂರು ಅಂಗುಲ ದಡದ ಕಡೆಗೆ ಸರಿಯಬೇಕು. ನಡುವಣ ನೆಲೆಯು ಮಾತ್ರ ಸ್ಥಿರವಾಗಿರುತ್ತದೆ. ಚಲನೆಯೆಲ್ಲ ಅಲ್ಲಿಂದ ಎರಡು ಕಡೆಗೂ ಹಂಚಿಹೋಗುತ್ತದೆ. ೧೯೭೦ರಲ್ಲಿ ಬೆಂಕಿ ಬಿದ್ದು ಅದರ ಅಳತೆಗೆ ಮೀರಿದ ಶಾಖಕ್ಕೆ ಕೊಳವೆಗಳು ಜಗ್ಗಿ ಕೆಡುವವರೆಗೂ, ೧೨೦ ವರ್ಷಗಳ ಕಾಲ, ಸೇತುವೆಯು ಗಾಡಿಗಳನ್ನು ದಾಟಿಸಿತು.

ಸಾಧಾರಣವಾದ ರೈಲುಸೇತುವೆಯ ಜಾಲತೊಲೆಗೂ ಇದೇ ನಿಯಮ. ಅದರ ಒಂದು ತುದಿಯ ಕೆಳಗೆ ಮೊಣಕಾಲಿನ ಕೀಲಿನಂಥ ಒಂದು ಗೂಟವಿರುತ್ತದೆ: ಅದು ತೊಲೆಯು ಓರೆಯಾಗುವುದಕ್ಕೆ ಬಿಡುತ್ತದೆ, ಸರಿಯುವುದಕ್ಕೆ ಬಿಡುವುದಿಲ್ಲ. ಮತ್ತೊಂದು ತುದಿಯ ಕೆಳಗೆ ಕೀಲಿನ ಜತೆಗೆ ಉರುಳೆಗಳ ಸಾಲು ಇರುತ್ತದೆ: ಅದು ಓರೆಯಾಗುವುದಕ್ಕೂ ಬಿಡುತ್ತದೆ, ಸರಿಯುವುದಕ್ಕೂ ಬಿಡುತ್ತದೆ. ಮೊದಲನೆಯದನ್ನು ಸ್ಥಾವರಾಧಾರವೆಂದೂ ಎರಡನೆಯದನ್ನು ಜಂಗಮಾಧಾರವೆಂದೂ ಕರೆಯಬಹುದು. ಎರಡೂ ತುದಿಗಳಿಗೆ ಉರುಳೆಗಳನ್ನೇ ಇಟ್ಟರೆ ಏನಾಗುತ್ತದೆ? ಗಾಡಿಯು ತಡೆ ಹಾಕಿದಾಗಲೆಲ್ಲ ತೊಲೆಯು ಮುಂದಕ್ಕೆ ಜಾರುತ್ತ, ಕೊನೆಗೊಂದು ದಿನ ಪೀಠದಿಂದ ಇಳಿದೇ ಹೋಗುತ್ತದೆ. ಎರಡನ್ನೂ ನೆಟ್ಟರೆ ಏನಾಗುತ್ತದೆಂಬುದನ್ನು ಮೇಲೆಯೇ ಹೇಳಿದೆ. ಆದುದರಿಂದ ಒಂದು ಕಡೆ ನೆಲೆ, ಒಂದು ಕಡೆ ಸಡಿಲ. ಎರಡೂ ಬೇಕು, ಒಂದೊಂದೇ ಬೇಕು.

ಇಲ್ಲಿ ಮತ್ತೊಂದು ಮಾತನ್ನು ಮರೆಯಕೂಡದು. ಸರಿಯುವ ತುದಿಯು ದುರ್ಬಲವಾದ ತುದಿಯಲ್ಲ. ಭಾರವು ಸಮನಾಗಿ ಹರಡಿದ್ದಾಗ ನೆಟ್ಟ ತುದಿಯು ಎಷ್ಟು ಹೊರುತ್ತದೆಯೋ ಉರುಳೆಯ ತುದಿಯೂ ಅಷ್ಟನ್ನೇ ಹೊರುತ್ತದೆ. ಮಣಿಯುವುದೆಂದರೆ ಭಾರದಿಂದ ತಪ್ಪಿಸಿಕೊಳ್ಳುವುದೆಂದು ಅರ್ಥವಲ್ಲ.

ಈಚಿನ ಕಾಲದಲ್ಲಿ ಉರುಳೆಯ ಬದಲು ರಬ್ಬರಿನ ಮೆತ್ತೆಗಳನ್ನು ಹೆಚ್ಚಾಗಿ ಬಳಸುತ್ತಾರೆ. ಇಂಗ್ಲೆಂಡಿನ ಲಿಂಕನ್ ಪಟ್ಟಣದಲ್ಲಿ ೧೯೫೭ರಲ್ಲಿ ಕಟ್ಟಿದ ಪೆಲಮ್ ಸೇತುವೆಯು ಇಂಥ ಮೆತ್ತೆಗಳ ಮೇಲೆ ನಿಂತ ಮೊದಮೊದಲಿನವುಗಳಲ್ಲಿ ಒಂದು. ರಬ್ಬರಿನ ಪದರಗಳ ನಡುವೆ ಉಕ್ಕಿನ ತಗಡುಗಳನ್ನು ಹಾಕಿದರೆ ಮೆತ್ತೆಯು ಮೇಲಿನ ಭಾರಕ್ಕೆ ಕಲ್ಲಿನಂತೆ ನಿಲ್ಲುತ್ತದೆ. ಅಡ್ಡಲಾಗಿ ಸರಿಯುವ ಚಲನೆಗೆ ಸುಲಭವಾಗಿ ಒಲಿಯುತ್ತದೆ. ಬಿರುಸೂ ಮೃದುತ್ವವೂ ಒಂದೇ ವಸ್ತುವಿನಲ್ಲಿ ಒಂದೇ ಹೊತ್ತಿನಲ್ಲಿ ಇರಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಕೇಳಬೇಕಾದ ಪ್ರಶ್ನೆಯು ಬಿರುಸೋ ಮೃದುವೋ ಎಂಬುದಲ್ಲ, ಯಾವ ದಿಕ್ಕಿಗೆ ಬಿರುಸು, ಯಾವ ದಿಕ್ಕಿಗೆ ಮೃದು ಎಂಬುದು.

೪

ಸಡಿಲಿಕೆಯ ಗುಣಗಾನವನ್ನು ಇಲ್ಲಿಗೇ ನಿಲ್ಲಿಸಿದರೆ ಅರ್ಧ ಸತ್ಯವನ್ನು ಹೇಳಿದಂತಾಗುತ್ತದೆ. ಸೇತುವೆಗಳು ಬಿರುಸಿನಿಂದ ಕೆಟ್ಟಿರುವಂತೆ ಸಡಿಲಾದ ಸಂದಿನಲ್ಲಿಯೂ ಕೆಟ್ಟಿವೆ.

ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದಲ್ಲಿ ಮಯಾನಸ್ ನದಿಯ ಮೇಲಿನ ಹೆದ್ದಾರಿ ಸೇತುವೆಯ ಒಂದು ಹಾಸನ್ನು, ಅದು ಹಿಗ್ಗಿ ಕುಗ್ಗುವುದಕ್ಕೆ ಅನುಕೂಲವಾಗಲೆಂದು, ಗೂಟ ಮತ್ತು ತೂಗುಪಟ್ಟಿಗಳಿಂದ ತೂಗಹಾಕಿದ್ದರು. ಸೇತುವೆಯ ಮೇಲಿನ ನೀರು ಹರಿದುಹೋಗತಕ್ಕ ಮೋರಿಗಳನ್ನು ದಾರಿ ದುರಸ್ತಿಯ ಕಾಲದಲ್ಲಿ ಮುಚ್ಚಿಬಿಟ್ಟರು. ನೀರು ಸಂದಿನಲ್ಲಿ ಇಳಿಯಿತು. ತುಕ್ಕು ಹಿಡಿಯಿತು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಸ್ಥಳವನ್ನು ಆಕ್ರಮಿಸುವ ವಸ್ತುವಾದುದರಿಂದ ಪಟ್ಟಿಯನ್ನು ಗೂಟದಿಂದ ಸ್ವಲ್ಪಸ್ವಲ್ಪವಾಗಿ ಹೊರಕ್ಕೆ ನೂಕಿತು. ೧೯೮೩ನೆಯ ಜೂನ್ ೨೮ರ ನಡುರಾತ್ರಿ ಕಳೆದ ಮೇಲೆ ೧೦೦ ಅಡಿಯ ಹಾಸು ನದಿಗೆ ಬಿದ್ದಿತು, ಮೂವರು ಸತ್ತರು. ಸೇತುವೆಯನ್ನು ಕಟ್ಟಿದವರು ಚಲನೆಗೆ ಅವಕಾಶವನ್ನು ಕೊಟ್ಟಿದ್ದರು. ಕಾಪಾಡಬೇಕಾದವರು ಅದನ್ನು ಕಾಪಾಡಲಿಲ್ಲ. ಕೀಲು ಇದ್ದ ಮಾತ್ರಕ್ಕೆ ಸಾಲದು. ಕೀಲಿಗೆ ಎಣ್ಣೆ ಬೇಕು, ಅದನ್ನು ಆಗಾಗ ಬಗ್ಗಿ ನೋಡುವ ಕಣ್ಣು ಬೇಕು. ಕೆಟ್ಟ ಕೀಲು ಕೀಲಿಲ್ಲದಿರುವುದಕ್ಕಿಂತ ಅಪಾಯಕರವಾದುದು. ಏಕೆಂದರೆ ಅದರ ಮೇಲೆ ಜನರು ನಂಬಿಕೆಯಿಟ್ಟಿರುತ್ತಾರೆ.

ಸಾನ್ ಫ್ರಾನ್ಸಿಸ್ಕೋ ಮತ್ತು ಓಕ್‌ಲೆಂಡ್ ನಗರಗಳ ನಡುವಣ ೧೯೩೬ರ ದೊಡ್ಡ ಸೇತುವೆಯ ವೃತ್ತಾಂತವು ಬೇರೆ ತರದ್ದು. ಅಲ್ಲಿ ಒಂದು ಸಂದಿನಲ್ಲಿ ತೊಲೆಗಳ ತುದಿಗಳು ಐದಾರು ಅಂಗುಲ ಅಗಲದ ಪೀಠದ ಮೇಲೆ ಕುಳಿತಿದ್ದವು. ಬಿಸಿಲು ಚಳಿಗಳ ಚಲನೆಗೆ ಅಷ್ಟು ಧಾರಾಳವಾಗಿ ಸಾಕು. ೧೯೮೯ನೆಯ ಅಕ್ಟೋಬರ್ ೧೭ರ ಭೂಕಂಪದಲ್ಲಿ ಕಟ್ಟಡವು ಅದಕ್ಕಿಂತ ಹೆಚ್ಚು ಸರಿಯಿತು. ಬಂಧನದ ಮೊಳೆಗಳು ಕತ್ತರಿಸಿಹೋದುವು. ಮೇಲಂತಸ್ತಿನ ೫೦ ಅಡಿಯ ಭಾಗವು ಪೀಠದಿಂದ ಜಾರಿ ಕೆಳಗೆ ಬಿದ್ದಿತು. ಚಲನೆಗೆ ಅವಕಾಶವಿತ್ತು; ಆದರೆ ಸಾಧಾರಣವಾದ ದಿನಗಳ ಅಳತೆಗೆ ಇತ್ತು, ವಿಪತ್ತಿನ ದಿನದ ಅಳತೆಗೆ ಇರಲಿಲ್ಲ; ಅಳತೆ ಮೀರಿದಾಗ ಹಿಡಿದು ನಿಲ್ಲಿಸುವ ಕಟ್ಟೂ ಸಾಲದೆ ಹೋಯಿತು.

ಆದುದರಿಂದ ಸೇತುಶಿಲ್ಪವು ಹೇಳುವುದು ಬರಿದೇ ಸಡಿಲವಾಗಿರಬೇಕೆಂದಲ್ಲ. ಸಡಿಲಿಕೆಯು ಮುಂದಾಗಿಯೇ ಯೋಚಿಸಿದುದಾಗಿರಬೇಕು, ಗೊತ್ತಾದ ದಿಕ್ಕಿನಲ್ಲಿರಬೇಕು, ಅದಕ್ಕೊಂದು ಮಿತಿಯಿರಬೇಕು, ಅದನ್ನು ನಿತ್ಯವೂ ಕಾಪಾಡಬೇಕು; ಮತ್ತು ಅದೆಲ್ಲವೂ ಒಂದು ಅಲುಗದ ನೆಲೆಯನ್ನು ಕುರಿತು ಇರಬೇಕು.

೫

ಇನ್ನು ಮನುಷ್ಯನ ವಿಷಯಕ್ಕೆ ಬರಬಹುದು. ಸೇತುವೆಯ ಮಾತಿಗೂ ಧರ್ಮದ ಮಾತಿಗೂ ಸಂಬಂಧವು ಹೊಸದಲ್ಲ. ಛಾಂದೋಗ್ಯೋಪನಿಷತ್ತು ಆತ್ಮವನ್ನೇ ಸೇತುವೆಂದು ಕರೆದಿದೆ. ಧರ್ಮವೆಂಬ ಶಬ್ದವು ಧರಿಸು, ಹೊರು ಎಂಬ ಅರ್ಥದ ಧಾತುವಿನಿಂದ ಹುಟ್ಟಿದುದು. ಹೊರುವುದೇ ಧರ್ಮದ ಕೆಲಸವಾದರೆ, ಅದರ ಸ್ಥೈರ್ಯವನ್ನು ಹೊರೆಯನ್ನು ನೋಡಿ ನಿರ್ಣಯಿಸಬೇಕೇ ಹೊರತು ನಿಶ್ಚಲತೆಯನ್ನು ನೋಡಿ ಅಲ್ಲ. ಸ್ಥಾವರ ಜಂಗಮಗಳ ವಿಚಾರವು ಕನ್ನಡದ ವಚನಕಾರರ ಕಾಲದಿಂದ ಈ ನಾಡಿನ ಮನೆಮನೆಗೂ ಪರಿಚಿತವಾದುದು. ನಿಂತುದು ಮಾತ್ರವೇ ಉಳಿಯುವುದೆಂಬ ಭ್ರಮೆಯನ್ನು ಅವರು ಅಂದೇ ಅಲುಗಿಸಿದರು.

ಮಹಾಭಾರತದ ಭೀಷ್ಮನಿಗಿಂತ ದೃಢನಾದವನನ್ನು ಹುಡುಕುವುದು ಕಷ್ಟ. ತಂದೆಯ ಸುಖಕ್ಕಾಗಿ ಅವನು ಸಿಂಹಾಸನವನ್ನೂ ಸಂಸಾರವನ್ನೂ ತೊರೆದನು. ಆ ತ್ಯಾಗವನ್ನು ಕಿರಿದು ಮಾಡುವ ಅಧಿಕಾರವು ಯಾರಿಗೂ ಇಲ್ಲ. ಆದರೆ ಕಾಲವು ಕಳೆಯಿತು. ಯಾರ ಸುಖಕ್ಕಾಗಿ ಪ್ರತಿಜ್ಞೆ ಮಾಡಿದನೋ ಆ ತಂದೆ ತೀರಿಕೊಂಡನು. ಯಾರ ಮಕ್ಕಳಿಗಾಗಿ ರಾಜ್ಯವನ್ನು ಬಿಟ್ಟನೋ ಆ ಸತ್ಯವತಿಯ ಇಬ್ಬರು ಮಕ್ಕಳೂ ಸಂತಾನವಿಲ್ಲದೆ ಸತ್ತರು. ಸತ್ಯವತಿಯೇ ಮುಂದೆ ಬಂದು ವಂಶವನ್ನು ಉಳಿಸೆಂದು ಬೇಡಿಕೊಂಡಳು. ಭೀಷ್ಮನು ಕದಲಲಿಲ್ಲ. ಒಂದು ತುದಿಯಲ್ಲಿ ಪ್ರತಿಜ್ಞೆ, ಮತ್ತೊಂದು ತುದಿಯಲ್ಲಿ ಹಸ್ತಿನಾವತಿಯ ಸಿಂಹಾಸನದ ಊಳಿಗ. ಎರಡೂ ತುದಿಗಳನ್ನು ಅವನು ಕಲ್ಲಿನಲ್ಲಿ ನೆಟ್ಟುಬಿಟ್ಟಿದ್ದನು. ನಡುವೆ ಕಾಲವು ಕಾದಾಗ ಹುಟ್ಟಿದ ಒತ್ತಡವನ್ನು ಹೊತ್ತವರು ಯಾರು? ಅಂಬೆಯು ಹೊತ್ತಳು. ತುಂಬಿದ ಸಭೆಯಲ್ಲಿ ದ್ರೌಪದಿಯು ಪ್ರಶ್ನೆ ಕೇಳಿದಾಗ ಧರ್ಮವು ಸೂಕ್ಷ್ಮವೆಂಬ ಉತ್ತರವನ್ನು ಪಡೆದು ಅವಳೂ ಹೊತ್ತಳು. ಕೊನೆಗೆ ಕುಲವೆಲ್ಲ ಹೊತ್ತಿತು. ಭೀಷ್ಮನು ಬಿರಿಯಲಿಲ್ಲ, ಅವನ ಸುತ್ತಲಿನ ಕಟ್ಟೆಗಳು ಬಿರಿದವು.

ಹರಿಶ್ಚಂದ್ರನ ಕಥೆಯನ್ನು ಇದರ ಪಕ್ಕದಲ್ಲಿ ಇರಿಸಿ ನೋಡಬಹುದು. ರಾಘವಾಂಕನ ಕಾವ್ಯದಿಂದ ಕನ್ನಡಿಗರಿಗೆ ಆ ರಾಜನು ಚಿರಪರಿಚಿತನು. ಸತ್ಯವೆಂಬ ಒಂದೇ ಒಂದು ನೆಲೆಯನ್ನು ಅವನು ಬಿಡಲಿಲ್ಲ. ಉಳಿದುದನ್ನೆಲ್ಲ ಸರಿಯಗೊಟ್ಟನು: ಕಿರೀಟ ಸರಿಯಿತು, ಅರಮನೆ ಸರಿಯಿತು, ಕುಲದ ಅಭಿಮಾನ ಸರಿಯಿತು, ಚಕ್ರವರ್ತಿಯು ಮಸಣದ ಕಾವಲುಗಾರನಾದನು. ಲೋಕವು ಅವನನ್ನು ಅಚಲನೆಂದು ಕೊಂಡಾಡುತ್ತದೆ. ಆದರೆ ಅವನಷ್ಟು ದೂರ ಚಲಿಸಿದವರು ಅಪರೂಪ. ಹೆಂಡತಿಯೂ ಮಗನೂ ಅವನಿಗಾಗಿ ಸಂಕಟಪಟ್ಟರೆಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಮಗುವಿನ ಮಟ್ಟಿಗೆ ಅದಕ್ಕೆ ಉತ್ತರವೂ ಸುಲಭವಲ್ಲ. ಆದರೂ ಚಂದ್ರಮತಿಯು ಆ ಸತ್ಯದಲ್ಲಿ ಪಾಲುಗಾರಳಾಗಿಯೇ ಮಾರಾಟಕ್ಕೆ ನಿಂತಳು. ಅಂಬೆಯನ್ನು ಯಾರೂ ಕೇಳಲಿಲ್ಲ. ಒಬ್ಬನ ದೃಢತೆಯ ಒತ್ತಡವು ಇನ್ನೊಬ್ಬರ ಮೇಲೆ ಬೀಳುವುದಾದರೆ, ಆ ಇನ್ನೊಬ್ಬರಿಗೆ ಆ ಸಂಕಲ್ಪದಲ್ಲಿ ಪಾಲುಂಟೆ ಎಂದು ಕೇಳುವುದು ನ್ಯಾಯ.

ಹೊಸಿಲನ್ನು ಮುಚ್ಚಿದ ತಂದೆಯ ವಿಷಯವೂ ಇದರಿಂದ ಸ್ವಲ್ಪ ತಿಳಿಯಾಗುತ್ತದೆ. ಅವನ ನೆಲೆ ಯಾವುದಾಗಿತ್ತು? ಮನೆತನದ ಶ್ರೇಯಸ್ಸು ಎಂದು ಅವನೇ ಹೇಳಿಯಾನು. ಹಾಗಿದ್ದರೆ ಸಿಟ್ಟಿನ ದಿನ ಆಡಿದ ಮಾತು ಆ ನೆಲೆಯಲ್ಲ. ಅದು ನೆಲೆಯಿಂದ ದೂರದಲ್ಲಿದ್ದ, ಉರುಳೆಯ ಮೇಲೆ ಇರಬೇಕಾಗಿದ್ದ ಮತ್ತೊಂದು ತುದಿ. ಅದನ್ನೂ ನೆಟ್ಟುಬಿಟ್ಟುದರಿಂದ ಮನೆತನವೇ ಬಿರಿಯಿತು. ಮಾತನ್ನು ಸಡಿಲಿಸಿದ್ದರೆ ಅವನು ದುರ್ಬಲನಾಗುತ್ತಿರಲಿಲ್ಲ, ತನ್ನ ನೆಲೆಗೆ ನಿಷ್ಠನಾಗಿರುತ್ತಿದ್ದನು. ಇದಕ್ಕೆ ಪ್ರತಿಯಾಗಿ, ಲಂಚವನ್ನು ಮುಟ್ಟುವುದಿಲ್ಲವೆಂದು ನಿಂತ ಅಧಿಕಾರಿಯ ಮನೆಯವರು ಬಡತನದಿಂದ ನವೆದರೆಂದು ಅವನ ಪ್ರಾಮಾಣಿಕತೆಯನ್ನು ಯಾರೂ ಹಟವೆನ್ನಲಾರರು. ಅವನು ಸರಿಯಬೇಕಾದುದು ಬೇರೆ ಕಡೆಗಳಲ್ಲಿ: ಅಂತಸ್ತಿನಲ್ಲಿ, ಆಡಂಬರದಲ್ಲಿ, ಮನೆಯವರ ಮೇಲಣ ಬಿರುನುಡಿಯಲ್ಲಿ.

೬

ಇಷ್ಟಕ್ಕೂ ಉಪಮಾನವು ಉಪಮಾನವೇ; ಅದರ ಕೊರತೆಗಳನ್ನೂ ಎಣಿಸಬೇಕು.

ಸೇತುವೆಗೆ ತನ್ನ ನೆಲೆಯನ್ನು ತಾನೇ ಆರಿಸಿಕೊಳ್ಳುವ ತೊಂದರೆಯಿಲ್ಲ. ಶಿಲ್ಪಿಯು ಅದನ್ನು ಗೊತ್ತುಮಾಡುತ್ತಾನೆ. ಮನುಷ್ಯನು ತನ್ನ ಸೇತುವೆಗೆ ತಾನೇ ಶಿಲ್ಪಿ, ತಾನೇ ತೊಲೆ. ಆದುದರಿಂದ ಅವನಿಗೆ ಒಂದು ವಿಶೇಷವಾದ ಅಪಾಯವುಂಟು. ಬಿಸಿ ತಗುಲಿದ ಗಳಿಗೆಯಲ್ಲಿ, ಯಾವ ತುದಿಯು ನೋಯುತ್ತದೆಯೋ ಅದನ್ನೇ ಉರುಳೆಯ ತುದಿಯೆಂದು ಅವನು ತೀರ್ಮಾನಿಸಿಬಿಡಬಹುದು. ಲಂಚ ಮುಟ್ಟಿದವನು ತಾನು ಕಾಲಕ್ಕೆ ತಕ್ಕಂತೆ ಹೊಂದಿಕೊಂಡೆನೆಂದು ಹೇಳಿಕೊಳ್ಳುವುದು ಹೀಗೆಯೇ. ಶಿಲ್ಪಿಯು ಯಾವುದು ನೆಲೆ, ಯಾವುದು ಸಡಿಲ ಎಂಬುದನ್ನು ತೊಲೆಯನ್ನು ಏರಿಸುವ ಮೊದಲೇ, ತಂಪು ಹೊತ್ತಿನಲ್ಲಿ, ಕಾಗದದ ಮೇಲೆ ನಿಶ್ಚಯಿಸುತ್ತಾನೆ. ಮನುಷ್ಯನೂ ತನ್ನ ನೆಲೆಯನ್ನು ಶಾಂತವಾಗಿರುವಾಗಲೇ ಅರಿತುಕೊಂಡಿದ್ದರೆ ಮಾತ್ರ, ಅವನು ಮುಂದೆ ಮಾಡುವ ಸಡಿಲಿಕೆಯು ವಿವೇಕವೆನಿಸೀತು. ಇಲ್ಲವಾದರೆ ಅದು ಕೇವಲ ಸೋಲು. ಸಿಟ್ಟಿನಲ್ಲಿ ನೆಟ್ಟುದೂ ಭಯದಲ್ಲಿ ಸಡಿಲಿಸಿದುದೂ ಒಂದೇ ದೋಷದ ಎರಡು ಮುಖಗಳು.

ಎರಡನೆಯ ಕೊರತೆಯು ಇದಕ್ಕಿಂತ ಗುರುತರವಾದುದು. ಹೊಂದಿಕೊಂಡು ಹೋಗಬೇಕೆಂಬ ಉಪದೇಶವು ಲೋಕದಲ್ಲಿ ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿಲ್ಲ. ಅತ್ತೆಗಿಂತ ಸೊಸೆಗೆ, ಒಡೆಯನಿಗಿಂತ ಒಕ್ಕಲಿಗೆ, ಯಜಮಾನನಿಗಿಂತ ಆಳಿಗೆ ಅದು ಹೆಚ್ಚಾಗಿ ದೊರೆಯುತ್ತದೆ. ಮಣಿಯುವುದು ಯಾವಾಗಲೂ ಒಬ್ಬರ ಪಾಲಿಗೇ ಬಂದರೆ ಅದಕ್ಕೆ ಸೇತುವೆಯ ಉಪಮಾನವನ್ನು ಕೊಡುವುದು ಅನ್ಯಾಯ. ಉರುಳೆಯು ಸರಿಯುವುದು ನೆಟ್ಟ ತುದಿಯ ದರ್ಪಕ್ಕೆ ಅಂಜಿ ಅಲ್ಲ. ಬಿಸಿಲು ಚಳಿಗಳೆಂಬ, ಇಬ್ಬರಿಗೂ ಮೀರಿದ ನಿಯಮಕ್ಕೆ ಒಪ್ಪಿ. ಅದರ ಸರಿಯುವಿಕೆಯಿಂದ ಉಳಿಯುವುದು ಇಡೀ ತೊಲೆ, ಅದರ ಒಂದು ತುದಿಯಲ್ಲ. ಮತ್ತು ಹೊರೆಯು ಎರಡು ಕಡೆಗೂ ಸಮನಾಗಿಯೇ ಇರುತ್ತದೆ. ಈ ಮೂರು ಲಕ್ಷಣಗಳೂ ಇಲ್ಲದ ಕಡೆ ಸಡಿಲಿಕೆಯನ್ನು ಬೇಡುವವನು ಸೇತುವನ್ನು ಕಟ್ಟುತ್ತಿಲ್ಲ. ಮತ್ತೊಬ್ಬರನ್ನು ಹಾಸುಗಲ್ಲನ್ನಾಗಿ ಮಾಡಿಕೊಳ್ಳುತ್ತಿದ್ದಾನೆ. ಅಂಥವನ ಮುಂದೆ ಕದಲದಿರುವುದೇ ಧರ್ಮವಾಗಬಹುದು.

ಮೂರನೆಯದಾಗಿ, ಮನುಷ್ಯರ ಬಾಂಧವ್ಯಗಳಲ್ಲಿ ಕೀಲುಗಳು ಕಣ್ಣಿಗೆ ಕಾಣುವುದಿಲ್ಲ. ಕ್ಷಮಿಸುವ ಅಭ್ಯಾಸ, ಕೇಳಿಸಿಕೊಳ್ಳುವ ತಾಳ್ಮೆ, ಬೇರೆ ಅಭಿಪ್ರಾಯಕ್ಕೆ ಮನೆಯಲ್ಲಿ ಇಟ್ಟಿರುವ ಎಡೆ, ಇವೇ ಆ ಕೀಲುಗಳು. ಅವು ಇವೆಯೆಂದು ನಂಬಿಕೊಂಡೇ ವರ್ಷಗಳು ಕಳೆಯುತ್ತವೆ. ಒಳಗೆ ನೀರಿಳಿದು ತುಕ್ಕು ಹಿಡಿದಿರುವುದು ಹಾಸು ಬಿದ್ದ ದಿನವೇ ತಿಳಿಯುತ್ತದೆ. ನಿತ್ಯದ ಸಣ್ಣಪುಟ್ಟ ಭಿನ್ನಾಭಿಪ್ರಾಯಗಳಲ್ಲಿ ಸರಿದು ಅಭ್ಯಾಸವಿಲ್ಲದ ಮನೆಯು ದೊಡ್ಡ ವಿಪತ್ತಿನ ದಿನ ಏಕಾಏಕಿ ಸರಿಯಲಾರದು.

ಈ ಕೊರತೆಗಳನ್ನೆಲ್ಲ ಕಳೆದ ಮೇಲೂ ಉಳಿಯುವ ತಾತ್ಪರ್ಯವು ಇಷ್ಟು. ದೃಢತೆಯೆಂಬುದು ಅನೇಕ ಕಡೆ ನೆಟ್ಟಿರುವುದರಲ್ಲಿಲ್ಲ, ಸರಿಯಾದ ಒಂದು ಕಡೆ ನೆಟ್ಟಿರುವುದರಲ್ಲಿದೆ. ಆ ಒಂದು ನೆಲೆಯನ್ನು ಅರಿಯದವನು ಎಲ್ಲವನ್ನೂ ಬಿಗಿಹಿಡಿಯುತ್ತಾನೆ, ಅಥವಾ ಎಲ್ಲವನ್ನೂ ಬಿಟ್ಟುಬಿಡುತ್ತಾನೆ. ಎರಡೂ ಒಂದೇ ಅಜ್ಞಾನದ ಫಲ. ಅರಿತವನಿಗೆ ಉಳಿದುದರಲ್ಲಿ ಸರಿಯುವುದು ಅವಮಾನವಾಗಿ ತೋರುವುದಿಲ್ಲ. ಸೇತುವೆಯ ಮೇಲೆ ದಾಟುವ ಪ್ರಯಾಣಿಕನು ತನ್ನ ಕಾಲ ಕೆಳಗಣ ಉಕ್ಕು ಬೆಳಗಿನಿಂದ ಒಂದಂಗುಲ ಸರಿದಿದೆಯೆಂಬುದನ್ನು ಅರಿಯನು, ಅರಿಯಬೇಕಾಗಿಯೂ ಇಲ್ಲ. ಅವನು ಆಚೆಯ ದಡವನ್ನು ಸೇರುತ್ತಾನೆ.